ರಾಯಚೂರಿನ ಭಾನುವಾರದ ಓಟಿನ ಕ್ಲಾಸು: ಗುಳೆ ಹೋಗುವ ಮನೆಯವರು ಮೊದಲು ಸೇರಬೇಕು

ನೇರವಾಗಿ ಹೇಳುತ್ತೇನೆ. ರಾಯಚೂರಿನಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಈ ಚುನಾವಣಾ ಕಾನೂನಿನ ಕ್ಲಾಸಿಗೆ ಐದರಲ್ಲಿ ನಾಲ್ಕೂವರೆ ಸ್ಟಾರ್. ಅರ್ಧ ಯಾಕೆ ಕಡಿಮೆ ಅಂತ ಕೆಳಗೆ ಬರೆದಿದ್ದೇನೆ. ಊರಲ್ಲೇ ಇರುವ ಎಷ್ಟೋ ಜನರಿಗೆ ಹೀಗೊಂದು ಕ್ಲಾಸ್ ಇದೆ ಅನ್ನೋದೇ ಗೊತ್ತಿಲ್ಲ, ಗೊತ್ತಿದ್ದವರೂ ಇದು ಕೆಎಎಸ್, ಪಿಡಿಒ ಪರೀಕ್ಷೆಗೆ ಓದುವ ಹುಡುಗರಿಗೆ ಮಾತ್ರ ಅಂದುಕೊಂಡು ಸುಮ್ಮನಿದ್ದಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ನಡೆಸುವವರು ಲಾ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತರಾದ ಪ್ರೊಫೆಸರ್. ಸಂವಿಧಾನ ಅವರ ವಿಷಯ, ಅದರಲ್ಲೂ ಮತದಾರರ ಪಟ್ಟಿ ಮತ್ತು ಓಟಿನ ಹಕ್ಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ತೀರ್ಪುಗಳ ಕನ್ನಡ ಸಾರಾಂಶವನ್ನು ಕೈಯಲ್ಲೇ ಬರೆದು ಫೈಲ್ ಮಾಡಿಟ್ಟಿದ್ದಾರೆ, ಒಂದು ಬೀರು ತುಂಬಾ ಇದೆ. "ನನ್ನ ಹೆಸರು ಹಾಕಬ್ಯಾಡ್ರಿ, ಕ್ಲಾಸಿನ ಬಗ್ಗೆ ಬರೀರಿ" ಅಂದರು. ಹಾಗಾಗಿ ಇಲ್ಲಿ ಬರೀ ಸರ್ ಅನ್ನುತ್ತೇನೆ. ಜಾಗ ತೀನ್ ಖಂದಿಲ್‌ನಿಂದ ನಡೆದು ಹೋಗುವಷ್ಟು ದೂರ, ಅಂಗಡಿ ಸಾಲಿನ ಮೇಲಿನ ಮಹಡಿಯಲ್ಲಿ ಒಂದು ಹಾಲ್. ಶುಲ್ಕ ಇಲ್ಲ, ಝೆರಾಕ್ಸ್ ಖರ್ಚು ಮಾತ್ರ ನಮ್ಮದು. ಮೊದಲು ಪಾಠ. ಆಮೇಲೆ ಅಲ್ಲೇ ಒಂದು ಟೇಬಲ್ ಎಳೆದು ಹಾಕಿ, ವೋಟರ್ ಲಿಸ್ಟಿನಲ್ಲಿ ಯಾರಿಗೆ ಏನು ತೊಂದರೆ ಇದೆಯೋ ಅವರ ಕಾಗದ ನೋಡುತ್ತಾರೆ. ನನ್ನ ಮಟ್ಟಿಗೆ ಆ ಟೇಬಲ್ಲೇ ಈ ಕ್ಲಾಸಿನ ಜೀವ.

ಓಟಿನ ಹಕ್ಕು ಅಂದ ಕೂಡಲೇ ನಮಗೆ ನೆನಪಾಗೋದು ಬೂತು, ಬೆರಳಿಗೆ ಹಚ್ಚುವ ಮೈಸೂರಿನ ಶಾಯಿ, ಮಷೀನಿನ ಬೀಪ್ ಸದ್ದು. ಸರ್ ಶುರು ಮಾಡೋದು ಲಿಸ್ಟಿನಿಂದ. ಲಿಸ್ಟಿನಲ್ಲಿ ಹೆಸರಿಲ್ಲ ಅಂದ್ರೆ ಕೈಯಲ್ಲಿ ವೋಟರ್ ಕಾರ್ಡ್ ಇದ್ದರೂ ಓಟಿಲ್ಲ. ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಆಧಾರ್, ನರೇಗಾ ಜಾಬ್ ಕಾರ್ಡ್, ಫೋಟೊ ಇರುವ ಪಾಸ್‌ಬುಕ್, ಹೀಗೆ ಚುನಾವಣಾ ಆಯೋಗ ಒಪ್ಪಿದ ಯಾವುದಾದರೂ ಒಂದು ದಾಖಲೆ ತೋರಿಸಿ ಓಟು ಹಾಕಬಹುದು. ನಮ್ಮ ಕಡೆ ಕಾರ್ಡನ್ನು ಟ್ರಂಕಿನಲ್ಲಿ ಭದ್ರವಾಗಿ ಇಟ್ಟುಕೊಂಡು ಲಿಸ್ಟಿನ ಕಡೆ ತಿರುಗಿಯೂ ನೋಡದ ಮನೆಗಳೇ ಜಾಸ್ತಿ, ಅಲ್ವಾ? ಓಟಿನ ದಿನ ಬೂತಿನ ಮುಂದೆ ನಿಂತು ಜಗಳ ಆಡುವವರಲ್ಲಿ ಹೆಚ್ಚಿನವರು ಇವರೇ. ಅವತ್ತು ಯಾರೂ ಏನೂ ಮಾಡೋಕೆ ಆಗಲ್ಲ. ಯಾಕಂದ್ರೆ ನಾಮಪತ್ರ ಸಲ್ಲಿಸುವ ಕೊನೆಯ ದಿನ ಮುಗಿದ ಮೇಲೆ ಆ ಚುನಾವಣೆ ಮುಗಿಯುವ ತನಕ ಲಿಸ್ಟಿಗೆ ಹೆಸರು ಸೇರಿಸುವಂತಿಲ್ಲ, ತೆಗೆಯುವಂತಿಲ್ಲ, ತಿದ್ದುವಂತಿಲ್ಲ. 1950ರ ಜನತಾ ಪ್ರಾತಿನಿಧ್ಯ ಕಾಯ್ದೆಯ 23ನೇ ಸೆಕ್ಷನ್ ಅದನ್ನು ಹೇಳುತ್ತದೆ. ಪ್ರತಿ ಕ್ಲಾಸಿನಲ್ಲೂ ಸರ್ ಈ ಮಾತು ಹೇಳಿಯೇ ಹೇಳುತ್ತಾರೆ.

ಲಿಸ್ಟು ಇಷ್ಟು ದೊಡ್ಡ ವಿಷಯ ಯಾಕೆ ಅಂತ ಹೇಳೋಕೆ ಅವರು 1949ರ ಜೂನ್ 15ಕ್ಕೆ ಹೋಗುತ್ತಾರೆ. ಕರಡು ಸಂವಿಧಾನದಲ್ಲಿ ರಾಜ್ಯಗಳ ಚುನಾವಣೆಗೆ ಬೇರೆ ಬೇರೆ ಆಯೋಗ ಅಂತ ಇತ್ತು. ಅವತ್ತು ಸಂವಿಧಾನ ಸಭೆಯಲ್ಲಿ ಅಂಬೇಡ್ಕರ್ ಅದನ್ನು ಬದಲಿಸಿ, ಇಡೀ ದೇಶಕ್ಕೆ ಒಂದೇ ಆಯೋಗ ಇರಲಿ ಅಂದರು. ಕೆಲವು ಪ್ರಾಂತ್ಯಗಳಲ್ಲಿ ಭಾಷೆ, ಸಂಸ್ಕೃತಿ, ಜನಾಂಗ ಬೇರೆ ಇರುವ ಜನರನ್ನು ಪಟ್ಟಿಗೆ ಸೇರಿಸದಂತೆ ಅಧಿಕಾರಿಗಳಿಗೆ ಸೂಚನೆ ಹೋಗುತ್ತಿದೆ ಅನ್ನೋದು ಅವರು ಕೊಟ್ಟ ಕಾರಣ. ಅಂದ್ರೆ ಚುನಾವಣಾ ಆಯೋಗದ ಬಗ್ಗೆ ಇರುವ ಇವತ್ತಿನ 324ನೇ ವಿಧಿಯ ಹಿಂದೆ ಇರೋದು ಪಟ್ಟಿಯಿಂದ ಹೊರಗೆ ಉಳಿದವರ ಚಿಂತೆ. ತೆಲುಗು, ಉರ್ದು, ಕನ್ನಡ, ಲಂಬಾಣಿ ಎಲ್ಲ ಒಂದೇ ಓಣಿಯಲ್ಲಿ ಕೇಳುವ ಈ ಊರಲ್ಲಿ ಕೂತು ಅದನ್ನು ಕೇಳಿದಾಗ ಅದು ದಿಲ್ಲಿಯ ಮಾತು ಅನಿಸಲ್ಲ.

ಮೊದಲ ಸಾರ್ವತ್ರಿಕ ಚುನಾವಣೆಯ ಕತೆಯನ್ನೂ ಹೇಳುತ್ತಾರೆ. 1951-52ರಲ್ಲಿ ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು, ಕೊಪ್ಪಳ ರಾಯಚೂರು ಜಿಲ್ಲೆಯಲ್ಲೇ ಇತ್ತು. ನಿಜಾಮನ ಕಾಲದಲ್ಲಿ ಸಾಮಾನ್ಯ ಜನರಿಗೆ ಇಲ್ಲದ ಓಟು 21 ತುಂಬಿದ ಎಲ್ಲರಿಗೂ ಒಂದೇ ಸಲಕ್ಕೆ ಬಂತು. ಆದರೆ ದೇಶದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಇಂಥವನ ಹೆಂಡತಿ, ಇಂಥವನ ತಾಯಿ ಅಂತ ಬರೆಸಿದರೇ ಹೊರತು ಸ್ವಂತ ಹೆಸರು ಹೇಳಲಿಲ್ಲ. ಮೊದಲ ಮುಖ್ಯ ಚುನಾವಣಾ ಆಯುಕ್ತ ಸುಕುಮಾರ್ ಸೇನ್ ಅಂಥ ನಮೂದು ಒಪ್ಪಲಿಲ್ಲ. ಅದರಲ್ಲಿ ಹೆಚ್ಚಿನವು ಉತ್ತರದ ರಾಜ್ಯಗಳವು. ಇದನ್ನು ಹೇಳಿ ಮುಗಿಸಿದ ಕೂಡಲೇ ಸರ್ ಎಲ್ಲರ ಕೈಗೂ ಅವರವರ ಬೂತಿನ ಲಿಸ್ಟಿನ ಹಾಳೆ ಕೊಟ್ಟು ಓದಿಸುತ್ತಾರೆ. ಹೆಸರು, ಸಂಬಂಧಿಯ ಹೆಸರು, ಮನೆ ನಂಬರ್, ವಯಸ್ಸು. ನನ್ನ ಪಕ್ಕದಲ್ಲಿ ಕೂತ ಹುಡುಗನ ಹಾಳೆಯಲ್ಲಿ ಒಂದೇ ಪುಟದಲ್ಲಿ ಹುಲಿಗೆಮ್ಮ ಅನ್ನೋ ಹೆಸರು ನಾಲ್ಕು ಕಡೆ ಇತ್ತು, ಅದರಲ್ಲಿ ಇಬ್ಬರಿಗೆ ಗಂಡನ ಹೆಸರೂ ಹನುಮಂತ. ಇಬ್ಬರೂ ಬೇರೆ ಬೇರೆ ಮನೆಯವರು. ಮನೆ ನಂಬರ್ ತಪ್ಪಾಗಿದ್ದರೆ "ಇದು ಎರಡು ಸಲ ಬಂದಿದೆ" ಅಂತ ಒಬ್ಬಾಕೆಯ ಹೆಸರು ಹೋಗೋದಕ್ಕೆ ಎಷ್ಟು ಹೊತ್ತು ಬೇಕು? ನಮ್ಮ ಕಡೆ ಹೆಸರುಗಳೇ ಹಾಗೆ. ದೇವರ ಹೆಸರು, ಅಜ್ಜಿಯ ಹೆಸರು, ಮತ್ತೆ ಅದೇ ದೇವರ ಹೆಸರು. ಫಾರ್ಮ್ 8 ತುಂಬಿ ಮನೆ ನಂಬರ್ ಸರಿ ಮಾಡಿಸೋದು ಎಷ್ಟು ಮುಖ್ಯ ಅಂತ ಆ ಹಾಳೆ ನೋಡಿದ ಮೇಲೆ ಯಾರೂ ಬೇರೆ ಹೇಳಬೇಕಾಗಿಲ್ಲ.

ಈಗ ಗುಳೆ ವಿಷಯ. ನಾನು ಈ ಕ್ಲಾಸಿನ ಬಗ್ಗೆ ಬರೆಯೋಕೆ ಕೂತಿದ್ದೇ ಇದಕ್ಕೆ. ಲಿಂಗಸುಗೂರು, ದೇವದುರ್ಗ, ಮಸ್ಕಿ ಕಡೆಯ ಹಳ್ಳಿಗಳಿಂದ, ತಾಂಡಾಗಳಿಂದ ಬೆಂಗಳೂರು, ಹೈದರಾಬಾದ್, ಪುಣೆಗೆ ಜನ ಗುಳೆ ಹೋಗೋದು ಎಲ್ಲರಿಗೂ ಗೊತ್ತು. ಪಟ್ಟಿ ಪರಿಷ್ಕರಣೆಗೆ ಮನೆ ಮನೆಗೆ ಬರುವಾಗ ಇವರು ಊರಲ್ಲಿ ಇರಲ್ಲ. "ಊರು ಬಿಟ್ಟಿದ್ದಾರೆ" ಅಂತ ಪಕ್ಕದ ಮನೆಯವರು ಒಂದು ಮಾತು ಹೇಳಿದರೆ ಮುಗಿಯಿತು. ಆದರೆ ಕಾನೂನು ಹಾಗೆ ಹೇಳಲ್ಲ. 1950ರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ, ತನ್ನ ಸಾಮಾನ್ಯ ವಾಸದ ಜಾಗದಿಂದ ತಾತ್ಕಾಲಿಕವಾಗಿ ಹೊರಗೆ ಹೋದವನು ಅಷ್ಟಕ್ಕೇ ಅಲ್ಲಿನ ವಾಸಿ ಅಲ್ಲ ಅಂತ ಆಗಲ್ಲ. ಹಾಗೆಯೇ ಒಂದು ಊರಲ್ಲಿ ಮನೆ ಇದೆ ಅನ್ನೋ ಒಂದೇ ಕಾರಣಕ್ಕೆ ಅಲ್ಲಿನ ವಾಸಿ ಅಂತಲೂ ಆಗಲ್ಲ. ಎರಡೂ ಮಾತು ಒಂದೇ ಸೆಕ್ಷನ್‌ನಲ್ಲಿವೆ. ಇನ್ನು 22ನೇ ಸೆಕ್ಷನ್. ಊರಲ್ಲಿ ವಾಸ ಇಲ್ಲ ಅಂತ ಹೆಸರು ತೆಗೆಯುವ ಮೊದಲು ಆ ಮನುಷ್ಯನಿಗೆ ತನ್ನ ಮಾತು ಹೇಳಿಕೊಳ್ಳೋಕೆ ಅವಕಾಶ ಕೊಡಲೇಬೇಕು.

ಟೇಬಲ್ಲಿನ ಹತ್ತಿರ ಒಬ್ಬ ಹೆಣ್ಣುಮಗಳು ಬಂದಿದ್ದಳು, ಲಿಂಗಸುಗೂರು ತಾಲ್ಲೂಕಿನ ಹಳ್ಳಿಯವಳು, ಕಂಕುಳಲ್ಲಿ ಕೂಸು. ಅತ್ತೆಯ ಹೆಸರು ಲಿಸ್ಟಿನಲ್ಲಿದೆ, ಇವಳದ್ದು, ಗಂಡನದ್ದು ಇಲ್ಲ. ಸರ್ ಕೇಳಿದ್ದು ಒಂದೊಂದೇ ಪ್ರಶ್ನೆ.

"ನೋಟಿಸ್ ಏನಾರ ಬಂದಿತ್ತೇನವ್ವಾ?"

"ಯಾವ ನೋಟಿಸೂ ಬಂದಿಲ್ರಿ ಸರ್. ಮನ್ಯಾಗ ನಮ್ಮ ಅತ್ತಿ ಇದ್ರು. ಯಾರೂ ಕೇಳಾಕ ಬಂದಿಲ್ಲಂತ."

"ಊರು ಬಿಟ್ಟೀರೇನು, ಇಲ್ಲಾ ದುಡಿಯಾಕ ಹೋಗಿದ್ರೇನು?"

"ಬಿಡೋದು ಹೆಂಗ್ರಿ? ಹೊಲ ಐತಿ, ಅತ್ತಿ ಅದಾರ, ರೇಷನ್ ಕಾರ್ಡ್ ಇಲ್ಲೇ ಐತಿ. ಮಳಿ ಬಿತ್ತಂದ್ರ ವರ್ಷಾ ಬರ್ತೀವ್ರಿ."

ಸರ್ ಅವಳ ಮಾತನ್ನೇ ಹಾಗೇ ಒಂದು ಬಿಳಿ ಹಾಳೆಯಲ್ಲಿ ಬರೆಸಿದರು. ಹೊಲ, ಅತ್ತೆ, ರೇಷನ್ ಕಾರ್ಡ್, ಮಳೆಗಾಲಕ್ಕೆ ವಾಪಸ್ಸು. ಕಾನೂನಿನ ದೊಡ್ಡ ಶಬ್ದ ಒಂದೂ ಇಲ್ಲ, ಆದರೆ 20ನೇ ಸೆಕ್ಷನ್ ಕೇಳುವುದೆಲ್ಲ ಅದರಲ್ಲಿತ್ತು. ಇಬ್ಬರಿಗೂ ಹೊಸದಾಗಿ ಹೆಸರು ಸೇರಿಸುವ ಫಾರ್ಮ್ 6 ಹಾಕಿಸಿದರು. ಹೆಸರು ಯಾವ ಆದೇಶದಿಂದ ಹೋಯಿತು, ಅದರ ನಕಲು ಕೊಡಿ ಅಂತ ಇನ್ನೊಂದು ಅರ್ಜಿ. ಆನ್‌ಲೈನ್ ಅರ್ಜಿಯ ರೆಫರೆನ್ಸ್ ನಂಬರನ್ನು ಅವಳ ಜಾಬ್ ಕಾರ್ಡಿನ ಹಿಂದೆ ನೀಲಿ ಪೆನ್ನಿನಲ್ಲಿ ದಪ್ಪಗೆ ಬರೆದು, ಫೋನು ಬದಲಾದರೂ ಇದು ಕಳೆಯಲ್ಲ ಅಂದರು. ನೋಂದಣಾಧಿಕಾರಿ ಒಪ್ಪದಿದ್ದರೆ 15 ದಿನದ ಒಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ, ಅಲ್ಲೂ ಆಗದಿದ್ದರೆ 30 ದಿನದ ಒಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಈ ದಾರಿ ಇದೆ ಅಂತ ಎಷ್ಟು ಜನರಿಗೆ ಗೊತ್ತು ಹೇಳಿ? ಓದಿದವರಿಗೇ ಗೊತ್ತಿಲ್ಲ.

ಅದೇ ದಿನ 1995ರ ಲಾಲ್ ಬಾಬು ಹುಸೇನ್ ತೀರ್ಪು ಹೇಳಿದರು. ದಿಲ್ಲಿ, ಮುಂಬೈಯ ಬಡ ಬಸ್ತಿಗಳ ಜನರಿಗೆ ನೀವು ಭಾರತೀಯರು ಅಂತ ಸಾಬೀತು ಮಾಡಿ ಅಂದಾಗ ಸುಪ್ರೀಂ ಕೋರ್ಟಿಗೆ ಹೋದ ಕೇಸು ಅದು. ಹಿಂದಿನ ಪಟ್ಟಿಯಲ್ಲಿ ಹೆಸರಿತ್ತು ಅನ್ನೋದಕ್ಕೆ ಬೆಲೆ ಕೊಡಬೇಕು, ವಿಚಾರಣೆ ಬರೀ ಶಾಸ್ತ್ರಕ್ಕೆ ಆಗಬಾರದು ಅಂತ ಕೋರ್ಟು ಹೇಳಿತು. 2025ರಲ್ಲಿ ಬಿಹಾರದ ವಿಶೇಷ ಪರಿಷ್ಕರಣೆಯಲ್ಲಿ ಕರಡು ಪಟ್ಟಿಯಿಂದ ಸುಮಾರು 65 ಲಕ್ಷ ಹೆಸರು ಬಿಟ್ಟುಹೋದಾಗ, ಅವರ ಹೆಸರನ್ನು ಕಾರಣ ಸಮೇತ ಪ್ರಕಟಿಸಿ ಅಂತ ಸುಪ್ರೀಂ ಕೋರ್ಟ್ ಹೇಳಿದ್ದನ್ನೂ ಇದರ ಜೊತೆಗೇ ಇಟ್ಟು ತೋರಿಸಿದರು. ಕಾರಣ ಕೊಡಿ, ಮಾತು ಕೇಳಿ. ಮೂವತ್ತು ವರ್ಷದ ಅಂತರದಲ್ಲಿ ಕೋರ್ಟು ಕೇಳಿದ್ದು ಅದನ್ನೇ.

ಇನ್ನೊಂದು ವಿಷಯದಲ್ಲಿ ಸರ್ ಯಾರಿಗೂ ಸಿಹಿ ಮಾತು ಹೇಳಲ್ಲ. ಊರಲ್ಲೂ ಬೆಂಗಳೂರಲ್ಲೂ ಎರಡು ಕಡೆ ಹೆಸರು ಇಟ್ಟುಕೊಳ್ಳುವಂತಿಲ್ಲ. ಸುಳ್ಳು ಹೇಳಿಕೆ ಕೊಟ್ಟರೆ 1 ವರ್ಷದವರೆಗೆ ಜೈಲು ಅಥವಾ ದಂಡ ಅಥವಾ ಎರಡೂ. ಇನ್ನೊಬ್ಬರ ಹೆಸರು ತೆಗೆಸೋಕೆ ಸುಳ್ಳು ಫಾರ್ಮ್ 7 ಹಾಕುವವರಿಗೂ ಇದೇ ಶಿಕ್ಷೆ. ಯಾವ ಊರು ನಿಮ್ಮದು ಅಂತ ನೀವೇ ತೀರ್ಮಾನ ಮಾಡಿ, ಆದರೆ ಒಂದೇ ಊರು ಅನ್ನುತ್ತಾರೆ.

ನನಗೆ ಸಿಟ್ಟು ಬರೋದು ಇಲ್ಲಿ. ಸೈನಿಕರಿಗೆ, ಚುನಾವಣಾ ಡ್ಯೂಟಿಯಲ್ಲಿ ಇರುವವರಿಗೆ ಅಂಚೆ ಮತ ಇದೆ, ಇರಲೇಬೇಕು. 85 ದಾಟಿದವರು, ಶೇ 40ಕ್ಕಿಂತ ಕಡಿಮೆ ಇಲ್ಲದ ಅಂಗವೈಕಲ್ಯ ಇರುವವರು ಫಾರ್ಮ್ 12ಡಿ ಕೊಟ್ಟು ಮನೆಯಲ್ಲೇ ಓಟು ಹಾಕಬಹುದು, ತುಂಬಾ ಒಳ್ಳೆಯ ಕೆಲಸ. ಬೆಂಗಳೂರಿನಲ್ಲಿ ಹತ್ತನೇ ಮಹಡಿಯ ಸ್ಲ್ಯಾಬ್ ಹಾಕುವ ನಮ್ಮ ತಾಂಡಾದ ಹುಡುಗನಿಗೆ ಏನೂ ಇಲ್ಲ. ವಲಸೆ ಹೋದವರಿಗೆ ಇದ್ದಲ್ಲೇ ಓಟು ಹಾಕುವ ಮಷೀನಿನ ಮಾದರಿಯನ್ನು 2023ರ ಜನವರಿಯಲ್ಲಿ ಆಯೋಗ ಪಕ್ಷಗಳಿಗೆ ತೋರಿಸೋಕೆ ಕರೆಯಿತು, ವಿರೋಧ ಪಕ್ಷಗಳು ಒಪ್ಪಲಿಲ್ಲ. ಓಟಿನ ದಿನ ಸಂಬಳ ಸಹಿತ ರಜೆ ಕೊಡಬೇಕು ಅಂತ 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 135ಬಿ ಸೆಕ್ಷನ್ ಇದೆ, ದಿನಗೂಲಿಯವರಿಗೂ ಇದೆ. ಕೊಡದ ಮಾಲೀಕನಿಗೆ ದಂಡ ಎಷ್ಟು ಗೊತ್ತಾ? ಹೆಚ್ಚೆಂದರೆ 500 ರೂಪಾಯಿ. 2024ರ ಮೇ 7ರಂದು ರಾಯಚೂರು, ಕೊಪ್ಪಳ, ಬಳ್ಳಾರಿ ಮೂರೂ ಕಡೆ ಲೋಕಸಭೆಗೆ ಮತದಾನ ಆಯಿತಲ್ಲ, ಆ ಬಿಸಿಲಲ್ಲಿ ಬಸ್ ಚಾರ್ಜು ಹಾಕಿಕೊಂಡು, ಕೂಲಿ ಬಿಟ್ಟು ಬಂದು ಓಟು ಹಾಕಿದವರನ್ನು ನೋಡಿದ್ದೇನೆ. ಅವರಿಗೆ ಈ ದೇಶ ಇನ್ನೂ ಸ್ವಲ್ಪ ಸುಲಭ ಮಾಡಿಕೊಡಬೇಕು.

ಅಣಕು ಬೂತಿನ ಕ್ಲಾಸ್ ತಪ್ಪಿಸಿಕೊಳ್ಳಬೇಡಿ. ಹಾಲಿನಲ್ಲೇ ಬೆಂಚು ಜೋಡಿಸಿ ಬೂತ್ ಮಾಡುತ್ತಾರೆ. ಒಬ್ಬರು ಪ್ರಿಸೈಡಿಂಗ್ ಆಫೀಸರ್, ಇಬ್ಬರು ಏಜೆಂಟರು, ಉಳಿದವರು ಸಾಲಿನಲ್ಲಿ. ನಿಮ್ಮ ಹೆಸರಲ್ಲಿ ಆಗಲೇ ಯಾರೋ ಓಟು ಹಾಕಿ ಹೋಗಿದ್ದಾರೆ ಅಂದಾಗ ಏನು ಮಾಡಬೇಕು? ಹೆಚ್ಚಿನವರು ಬೈದು ವಾಪಸ್ ಬರುತ್ತಾರೆ. ಬರಬಾರದು. ಗುರುತಿನ ಬಗ್ಗೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟು ಟೆಂಡರ್ ವೋಟು ಕೇಳಬೇಕು. ಆಗ ಮಷೀನಿನಲ್ಲಿ ಅಲ್ಲ, ಕಾಗದದ ಬ್ಯಾಲೆಟ್ಟಿನಲ್ಲಿ ಗುರುತು ಹಾಕಿಸಿ ಬೇರೆ ಲಕೋಟೆಯಲ್ಲಿ ಇಡುತ್ತಾರೆ. ಎಣಿಕೆಯ ದಿನ ಅದು ಲೆಕ್ಕಕ್ಕೆ ಬರಲ್ಲ, ಆದರೆ ಮುಂದೆ ಚುನಾವಣಾ ತಕರಾರು ಅರ್ಜಿ ಆದರೆ ಕೋರ್ಟು ಅದನ್ನು ನೋಡಬಹುದು. ಇನ್ನು ಬಂದವನು ನಕಲಿ ಅಂತ ಏಜೆಂಟನಿಗೆ ಅನುಮಾನ ಬಂದರೆ 2 ರೂಪಾಯಿ ಠೇವಣಿ ಇಟ್ಟು ಆಕ್ಷೇಪಣೆ ಹೇಳಬೇಕು. ನಮ್ಮ ಕ್ಲಾಸಿನಲ್ಲಿ ಏಜೆಂಟ್ ಆಗಿದ್ದ ಮಾನ್ವಿಯ ಹುಡುಗ ಜೇಬು ತಡಕಾಡಿ ಚಿಲ್ಲರೆ ಇಲ್ಲ ಅಂದ, ಸರ್ ಅವನ ಆಕ್ಷೇಪಣೆ ದಾಖಲಿಸಲೇ ಇಲ್ಲ. ಅದು ಎಲ್ಲರಿಗೂ ನೆನಪಿರುತ್ತದೆ.

ಒಂದು ಓಟಿನಿಂದ ಏನಾಗುತ್ತೆ ಅನ್ನುವವರಿಗೆ ಉತ್ತರ ನಮ್ಮ ರಾಜ್ಯದಲ್ಲೇ ಇದೆ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಗೆಲುವಿನ ಅಂತರ 1 ಓಟು. 2023ರಲ್ಲಿ ಬೆಂಗಳೂರಿನ ಜಯನಗರದಲ್ಲಿ 16. ನಮ್ಮ ಮಸ್ಕಿಯಲ್ಲಿ 2018ರಲ್ಲಿ 213. ಮಸ್ಕಿಯನ್ನು ಸರ್ ಒಂದು ಇಡೀ ಬೆಳಿಗ್ಗೆ ತಗೊಂಡು ಪಾಠ ಮಾಡಿದರು. ಸೋತ ಅಭ್ಯರ್ಥಿ ಹೈಕೋರ್ಟಿಗೆ ತಕರಾರು ಅರ್ಜಿ ಹಾಕಿದರು. ಅದಕ್ಕೆ ಫಲಿತಾಂಶದಿಂದ 45 ದಿನದ ಗಡುವು ಇರುತ್ತದೆ. 2019ರಲ್ಲಿ ಶಾಸಕರ ಅನರ್ಹತೆಯಿಂದ ಸೀಟು ಖಾಲಿ ಆಯಿತು. ಹೀಗೇ ಖಾಲಿಯಾದ ಬೇರೆ 15 ಕ್ಷೇತ್ರಗಳಿಗೆ ಅದೇ ವರ್ಷ ಡಿಸೆಂಬರಿನಲ್ಲಿ ಉಪಚುನಾವಣೆ ನಡೆದರೂ, ಅರ್ಜಿ ಬಾಕಿ ಇತ್ತು ಅಂತ ಮಸ್ಕಿಗೆ ಆಗಲಿಲ್ಲ. ಕೊನೆಗೆ ಓಟು ನಡೆದದ್ದು 2021ರ ಏಪ್ರಿಲ್ 17ಕ್ಕೆ. ಒಂದೂವರೆ ವರ್ಷಕ್ಕೂ ಹೆಚ್ಚು ಒಂದು ಇಡೀ ಕ್ಷೇತ್ರಕ್ಕೆ ಶಾಸಕರೇ ಇರಲಿಲ್ಲ. ಯಾವ ಪಕ್ಷ ಸರಿ, ಯಾವುದು ತಪ್ಪು ಅನ್ನೋ ಮಾತು ಹಾಲಿನಲ್ಲಿ ಬರೋಕೆ ಸರ್ ಬಿಡಲ್ಲ. ಯಾರಾದರೂ ಶುರು ಮಾಡಿದರೆ "ಅದು ಚಾದಂಗಡ್ಯಾಗ" ಅಂತ ನಿಲ್ಲಿಸುತ್ತಾರೆ. ನನಗೆ ಇದು ಬಹಳ ಹಿಡಿಸಿತು.

ದುಡ್ಡಿನ ವಿಷಯವನ್ನೂ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಓಟಿಗೆ ದುಡ್ಡು ಕೊಟ್ಟವರಷ್ಟೇ ತಗೊಂಡವರೂ ಅಪರಾಧಿಗಳು, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲಿ 170ನೇ ಸೆಕ್ಷನ್. ಚುನಾವಣೆ ಘೋಷಣೆ ಆದ ಮೇಲೆ ಆಯೋಗದ ಸಿ-ವಿಜಿಲ್ ಆ್ಯಪ್‌ನಲ್ಲಿ ಹೇಗೆ ದೂರು ಹಾಕಬೇಕು ಅಂತ ಫೋನ್ ಹಿಡಿದು ತೋರಿಸುತ್ತಾರೆ.

ಈಗ ಕೊರತೆ. ತೀರ್ಪುಗಳ ಪಾಠ ತೀರಾ ವೇಗ. ಓಟು ಹಾಕೋದು ಬರೀ ಕಾಯ್ದೆ ಕೊಟ್ಟ ಹಕ್ಕೋ, ಸಂವಿಧಾನ ಕೊಟ್ಟ ಹಕ್ಕೋ ಅನ್ನೋ ಚರ್ಚೆ ನಿಜಕ್ಕೂ ರುಚಿಯಾಗಿದೆ. 1952ರ ಪೊನ್ನುಸ್ವಾಮಿ, 1982ರ ಜ್ಯೋತಿ ಬಸು ಕೇಸುಗಳಲ್ಲಿ ಕಾಯ್ದೆಯ ಹಕ್ಕು ಅಂದರು. ಅಭ್ಯರ್ಥಿಗಳು ತಮ್ಮ ಕೇಸು, ಆಸ್ತಿ ವಿವರ ಹೇಳಬೇಕು ಅಂದ 2003ರ ಪಿಯುಸಿಎಲ್ ತೀರ್ಪಿನಲ್ಲಿ ನ್ಯಾಯಮೂರ್ತಿ ಪಿ.ವಿ. ರೆಡ್ಡಿ ಇದು ಸಂವಿಧಾನದ ಹಕ್ಕು ಅಂತ ಬರೆದರು. 2006ರ ಕುಲದೀಪ್ ನಯ್ಯರ್ ಕೇಸಿನಲ್ಲಿ ಮತ್ತೆ ಕಾಯ್ದೆಯ ಹಕ್ಕು. ನೋಟಾ ತಂದ 2013ರ ತೀರ್ಪು, 2024ರ ಫೆಬ್ರುವರಿ 15ರ ಚುನಾವಣಾ ಬಾಂಡ್ ತೀರ್ಪು ಎಲ್ಲವನ್ನೂ ಒಂದೇ ಕ್ಲಾಸಿನಲ್ಲಿ ಹೇಳಿ ಮುಗಿಸಿದರು. ಲಾ ಓದುವವರು ಬರೆದುಕೊಂಡರು, ನನ್ನ ಮುಂದೆ ಕೂತ ಆಶಾ ಕಾರ್ಯಕರ್ತೆಯರು ಪೆನ್ನು ಕೆಳಗಿಟ್ಟರು. ಆ ಬೀರುವಿನ ಸಾರಾಂಶಗಳನ್ನು ಟೈಪ್ ಮಾಡಿಸಿ ಮೊದಲೇ ಹಂಚಿದರೆ ಎಲ್ಲರಿಗೂ ದಕ್ಕುತ್ತದೆ. ಟೈಪ್ ಮಾಡಿಕೊಡೋಕೆ ನಾನು ತಯಾರಿದ್ದೇನೆ ಅಂತ ಹೇಳಿದ್ದೇನೆ, ಇನ್ನೂ ಒಂದಿಬ್ಬರು ಬೇಕು.

ಪಂಚಾಯಿತಿಗೆ ಒಂದೇ ಕ್ಲಾಸ್ ಕೊಟ್ಟಿದ್ದಾರೆ, ಅದು ಸಾಲದು. ಐದು ವರ್ಷ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಅಂತ ಸಂವಿಧಾನದ 243ಇ ವಿಧಿಯೇ ಹೇಳುತ್ತದೆ. ಆದರೆ 2016ರಲ್ಲಿ ಆರಿಸಿ ಬಂದ ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ಕ್ಕೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಹಳ್ಳಿಯವರಿಗೆ ದಿಲ್ಲಿಗಿಂತ ಇದು ಹತ್ತಿರದ ವಿಷಯ, ಇದರ ಮೇಲೆ ಸರ್ ಇನ್ನೂ ಮಾತಾಡಬೇಕು.

ಮತ್ತೆ ಆ ಮೆಟ್ಟಿಲು. ಕಡಿದಾಗಿದೆ, ಹಿಡಿಯೋಕೆ ಕಂಬಿ ಒಂದೇ ಕಡೆ. ಮಂಡಿ ನೋವಿನವರು, ಗಾಲಿ ಕುರ್ಚಿಯವರು ಮೇಲೆ ಬರೋಕೆ ಆಗಲ್ಲ. ತಿಂಗಳಿಗೆ ಒಂದು ಸಲವಾದರೂ ಕೆಳಗಿನ ಜಾಗದಲ್ಲಿ ಟೇಬಲ್ ಹಾಕಲಿ. ಹೆಂಗಸರ ಸಂಖ್ಯೆಯೂ ಕಡಿಮೆ. ಹತ್ತಿ ಬಿಡಿಸುವ ಹೊತ್ತಿನಲ್ಲಿ ಬೆಳಿಗ್ಗೆ ಬನ್ನಿ ಅಂದ್ರೆ ಹೇಗೆ ಬರ್ತಾರೆ? ಸಂಜೆ ಒಂದು ಬ್ಯಾಚ್ ಬೇಕು. ಭಾಷೆಯ ತೊಂದರೆ ಮಾತ್ರ ಇಲ್ಲ. ತೆಲುಗಿನವರು ಬಂದರೆ ತೆಲುಗು, ಉರ್ದುವಿನವರು ಬಂದರೆ ನಮ್ಮ ದಖ್ಖನಿ, ಸರ್ ಬಾಯಲ್ಲಿ ಮೂರೂ ಒಂದೇ ಸಲೀಸು.

ಹೋಗುವವರಿಗೆ ಒಂದೆರಡು ಮಾತು. ಟೇಬಲ್ಲಿಗೆ ಕಾಗದ ತೋರಿಸುವವರು ಬೇಗ ಹೋಗಿ ಹೆಸರು ಬರೆಸಿ, ಸಾಲು ಉದ್ದ ಇರುತ್ತದೆ. ಕೆಳಗಿನ ಓಣಿಯಲ್ಲಿ ಮಂಡಾಳ ಒಗ್ಗರಣಿ, ಮಿರ್ಚಿ ಸಿಗುತ್ತದೆ, ಹಸಿದು ಕೂರಬೇಕಿಲ್ಲ. ಆಧಾರ್, ರೇಷನ್ ಕಾರ್ಡ್, ಜಾಬ್ ಕಾರ್ಡ್, ಇದ್ದರೆ ಹಳೆಯ ವೋಟರ್ ಕಾರ್ಡ್, ಪಾಸ್‌ಪೋರ್ಟ್ ಸೈಜ್ ಫೋಟೊ, ಓಟಿಪಿ ಬರುವ ಫೋನು ಒಯ್ಯಿರಿ. ಮನೆಯಲ್ಲಿ 18 ತುಂಬುವ ಮಕ್ಕಳಿದ್ದರೆ ಅವರ ಹುಟ್ಟಿದ ದಿನದ ದಾಖಲೆಯನ್ನೂ ಒಯ್ಯಿರಿ. ಈಗ ಜನವರಿ 1 ಒಂದೇ ಅಲ್ಲ, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಅರ್ಹತೆಯ ದಿನಗಳು, ವರ್ಷ ಪೂರ್ತಿ ಕಾಯಬೇಕಿಲ್ಲ. ಗುಳೆ ಹೋಗುವ ಮುಂಚೆ ಒಂದು ಭಾನುವಾರ ಬಿಡುವು ಮಾಡಿಕೊಂಡು ಮನೆಯವರ ಎಲ್ಲರ ಹೆಸರು ಲಿಸ್ಟಿನಲ್ಲಿ ನೋಡಿಸಿಕೊಂಡೇ ಬಸ್ ಹತ್ತಿ.